ಬಂದ ಸೊಸೆ, ಹೋದ ಮಗಳು

ಮಳೆ ಕೈಕೊಟ್ಟ ವರ್ಷ ವಿಜಯಪುರದ ಎರೆಭೂಮಿ ಬಿರುಕುಬಿಟ್ಟು ಬಾಯ್ದೆರೆಯುತ್ತದೆ. ಅಂಥ ವರ್ಷ ಈ ಸೀಮೆಯಲ್ಲಿ ನೀರೇ ಬಂಗಾರ. ಇಲ್ಲಿ ಆಳಿದ ಅರಸನೊಬ್ಬನು ತನ್ನ ರಾಣಿಗೆ ಸಲ್ಲಿಸಬಹುದಾದ ಗೌರವಗಳಲ್ಲಿ ಯಾವುದು ಹಿರಿದು? ಮೊದಲನೆಯ ಅಲಿ ಆದಿಲಶಹನು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ನಗರಕ್ಕೆ ಹೋದವರು ಇಂದಿಗೂ ಕಣ್ಣಾರೆ ನೋಡಬಹುದು. 1579ರಲ್ಲಿ ಆತ ಊರಿನ ಜನಕ್ಕೆಂದು ವಿಶಾಲವಾದ ಬಾವಿಯೊಂದನ್ನು ಕಟ್ಟಿಸಿ, ಅದಕ್ಕೆ ಮಡದಿಯಾದ ಚಾಂದಬೀಬಿಯ ಹೆಸರನ್ನಿಟ್ಟನು. ಚಾಂದಬಾವಡಿ ಎಂದರೆ ಅದೇ.

ಚಾಂದಬೀಬಿ ಈ ನಗರಕ್ಕೆ ಸೊಸೆಯಾಗಿ ಬಂದವಳು. ಆಕೆ ಬಂದ ಮೇಲೆ ಒಂದು ಶತಮಾನಕ್ಕಿಂತ ತುಸು ಹೆಚ್ಚು ಕಾಲ ಕಳೆಯಿತು. ಆಗ ಅದೇ ಅರಮನೆಯ ಮಗಳೊಬ್ಬಳು ಅದೇ ನಗರವನ್ನು ಬಿಟ್ಟು ಶತ್ರುವಿನ ಪಾಳೆಯಕ್ಕೆ ಹೊರಟುಹೋದಳು. ಆಕೆಯ ಹೆಸರು ಶಹರಬಾನು. ಜನರ ಬಾಯಲ್ಲಿ ಪಾದಶಹಾ ಬೀಬಿ. ಪ್ರವಾಸಿಗಳಿಗೆ ತೋರಿಸುವ ಗುಮ್ಮಟ, ರೋಜಾ, ಮಹಲು, ಬಾವಡಿಗಳ ಸಾಲಿನಲ್ಲಿ ಆಕೆಯ ಹೆಸರು ಕೇಳಬರುವುದಿಲ್ಲ.

ಇಬ್ಬರದೂ ರಾಜ್ಯಕ್ಕಾಗಿ ನಡೆದ ಮದುವೆ. ಇಬ್ಬರ ಮುಂದೆಯೂ ಒಂದು ದಿನ ಒಂದೇ ಬಗೆಯ ಪ್ರಶ್ನೆ ಬಂದು ನಿಂತಿತು: ಕರುಳಿನ ಕರೆಗೆ ಓಗೊಡಬೇಕೆ, ನಾಡಿನ ಕರೆಗೆ ಓಗೊಡಬೇಕೆ? ಅಂದಿನ ಸುಲ್ತಾನರ ರಾಜ್ಯವನ್ನು ಇಂದಿನ ಅರ್ಥದಲ್ಲಿ ರಾಷ್ಟ್ರವೆಂದು ಕರೆಯುವುದು ಸರಿಯಾಗದು, ನಿಜ. ಆದರೆ ಕೋಟೆಯೊಳಗೆ ಸಿಕ್ಕಿಕೊಂಡ ಜನರ ಪ್ರಾಣ ಅಂದೂ ಪ್ರಾಣವೇ. ಈ ಇಬ್ಬರು ಹೆಂಗಸರು ಆ ಪ್ರಾಣಗಳ ಕಡೆಗೆ ನಿಂತರು. ಅವರ ಸುತ್ತ ಖಡ್ಗ ಬಿಗಿದುಕೊಂಡು ನಿಂತಿದ್ದ ಗಂಡಸರು ಯಾವ ಕಡೆಗೆ ನಿಂತರು ಎಂಬುದು ಬೇರೆಯ ಮಾತು.

ತವರಿನ ದಂಡು

ಚಾಂದಬೀಬಿ ಅಹಮದನಗರದ ಹುಸೇನ ನಿಜಾಮಶಹನ ಮಗಳು. ಆಕೆಯ ಮದುವೆಯ ಹಿಂದೆ ಇದ್ದುದು ಯುದ್ಧದ ಲೆಕ್ಕ. ವಿಜಯನಗರದ ವಿರುದ್ಧ ದಖ್ಖನದ ಸುಲ್ತಾನರು ಒಂದಾಗಬೇಕಿತ್ತು. ಒಂದಾಗಲು ಅಹಮದನಗರಕ್ಕೂ ವಿಜಾಪುರಕ್ಕೂ ಇದ್ದ ಹಳೆಯ ಹಗೆ ತೀರಬೇಕಿತ್ತು. ಹಗೆಯ ಮೂಲವಾಗಿದ್ದ ಸೊಲ್ಲಾಪುರದ ಕೋಟೆ ವಧುವಿನ ಬಳುವಳಿಯಾಗಿ ವಿಜಾಪುರಕ್ಕೆ ಬಂದಿತು. ಪ್ರತಿಯಾಗಿ ಅಲಿಯ ತಂಗಿ ಅಹಮದನಗರದ ಸೊಸೆಯಾಗಿ ಹೋದಳು. ಹೀಗೆ ಎರಡು ಮದುವೆಗಳ ಗಂಟಿನಿಂದ ಬಿಗಿದ ಮೈತ್ರಿಯೇ 1565ರ ಜನವರಿಯಲ್ಲಿ ರಕ್ಕಸತಂಗಡಿಯ ಬಯಲಿಗೆ ದಂಡೆತ್ತಿ ಹೋಯಿತು. ಅಲಿಯ ಮನಸ್ಸಿನಲ್ಲಿ ಆಗ ಏನಿತ್ತೋ ಊಹಿಸುವುದು ಕಷ್ಟ. ಏಕೆಂದರೆ ಅದಕ್ಕೆ ಕೆಲವು ವರ್ಷಗಳ ಹಿಂದೆ, ರಾಮರಾಯನಿಗೆ ಪುತ್ರಶೋಕವಾದಾಗ, ಈತ ತಾನಾಗಿ ವಿಜಯನಗರಕ್ಕೆ ಹೋಗಿ ಸಮಾಧಾನ ಹೇಳಿ ಬಂದಿದ್ದನು. ರಾಮರಾಯನ ಮಡದಿ ಈತನನ್ನು ಮಗನೆಂದು ಕರೆದಿದ್ದಳೆಂದು ಫೆರಿಸ್ತಾ ಬರೆದಿದ್ದಾನೆ. ಮಗನೆಂದು ಕರೆಸಿಕೊಂಡವನೇ ಕತ್ತಿ ಹಿರಿದು ಎದುರು ನಿಂತನು. ರಾಜನೀತಿಯ ಪುಸ್ತಕಗಳಲ್ಲಿ ಇದಕ್ಕೆ ಸಮರ್ಥನೆ ಸಿಗಬಹುದು. ಅದನ್ನು ಆ ತಾಯಿಗೆ ಹೇಳುವವರಾರು?

1580ರಲ್ಲಿ ಅಲಿ ತನ್ನ ಅರಮನೆಯಲ್ಲಿಯೇ ಕೊಲೆಯಾದನು. ಆತನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಮನಿಗೆ ಪಟ್ಟವಾಯಿತು. ಹುಡುಗನನ್ನು ಸಾಕುವ, ಓದಿಸುವ, ಕಾಪಾಡುವ ಹೊಣೆ ಚಾಂದಬೀಬಿಯ ಮೇಲೆ ಬಿದ್ದಿತು. ರಾಜ್ಯಭಾರ ಮಾತ್ರ ಅಮೀರರ ಕೈಯಲ್ಲಿ. ಮೊದಲು ಕಾಮಿಲಖಾನ, ಅವನನ್ನು ಕೆಡವಿ ಕಿಶ್ವರಖಾನ. ಒಬ್ಬೊಬ್ಬನೂ ಬಾಲಸುಲ್ತಾನನ ಹೆಸರಿನಲ್ಲಿ ತಾನೇ ಸುಲ್ತಾನನಾಗಲು ಹೊರಟವನು.

ಇಂಥ ಹೊತ್ತಿನಲ್ಲಿ ಗಡಿಯಾಚೆಯಿಂದ ಅಹಮದನಗರದ ದಂಡು ಬಂದಿತು. ಅದರೊಡನೆ ಗೋಲಕೊಂಡೆಯ ದಂಡೂ ಸೇರಿತು. ಅಹಮದನಗರದ ಗದ್ದುಗೆಯ ಮೇಲಿದ್ದವನು ಬೇರೆ ಯಾರೂ ಅಲ್ಲ, ಚಾಂದಬೀಬಿಯ ಒಡಹುಟ್ಟಿದ ಮುರ್ತಜಾ ನಿಜಾಮಶಹ. ತವರಿನಿಂದ ಉಡಿ ತುಂಬಲು ಬರಬೇಕಾದವರು ತೋಪುಗಳನ್ನೆಳೆದುಕೊಂಡು ಬಂದರು!

ಗಂಡನ ಮನೆಗೂ ತವರುಮನೆಗೂ ನಡುವೆ ತೊನೆದಾಡುವ ಹೆಣ್ಣಿನ ಮನಸ್ಸನ್ನು ಈ ಜಿಲ್ಲೆಗಿಂತ ಚೆನ್ನಾಗಿ ಬಲ್ಲ ಸೀಮೆ ಕನ್ನಡನಾಡಿನಲ್ಲಿ ಇನ್ನೊಂದಿರಲಾರದು. ಹಲಸಂಗಿಯ ಗೆಳೆಯರು ಇಲ್ಲಿಯ ಹೆಣ್ಣುಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದರು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಆ ಹಾಡುಗಳಲ್ಲಿ ತವರಿನ ಹಂಬಲವೇ ಉಸಿರು. ಆದರೆ ಗರತಿಯ ತವರು ಎಂದೂ ಗಂಡನ ಊರಿಗೆ ಮುತ್ತಿಗೆ ಹಾಕಿದ್ದಿಲ್ಲ. ಚಾಂದಬೀಬಿಗೆ ಆ ಭಾಗ್ಯವೂ ಇರಲಿಲ್ಲ.

ಕಿಶ್ವರಖಾನನು ಈ ಸಂದರ್ಭವನ್ನು ಬಿಡದೆ ಬಳಸಿಕೊಂಡನು. ಅಣ್ಣತಂಗಿಯರೊಳಗೆ ಒಳಸಂಚಿದೆ, ತವರಿನ ದಂಡನ್ನು ಕರೆಸಿದವಳು ಇವಳೇ ಎಂದು ಅಪವಾದ ಹೊರಿಸಿ, ರಾಣಿಯನ್ನು ಅಂತಃಪುರದಿಂದ ಹೊರಗೆಳೆಸಿ ಸಾತಾರೆಯ ಕೋಟೆಗೆ ಸೆರೆಯಾಳಾಗಿ ಕಳಿಸಿಬಿಟ್ಟನು. ಸಾಕಿದ ಹುಡುಗ ನೋಡುತ್ತ ನಿಂತಿರಬೇಕು. ಆದರೆ ನಗರದ ಜನಕ್ಕೆ ಯಾರು ಯಾರೆಂಬುದು ಗೊತ್ತಿತ್ತು. ಹಬಶಿ ಸರದಾರರು ತಿರುಗಿಬಿದ್ದರು; ಕಿಶ್ವರಖಾನ ಓಡಿಹೋಗಿ ಪರರಾಜ್ಯದಲ್ಲಿ ಕೊಲೆಯಾದನು; ರಾಣಿ ವಿಜಾಪುರಕ್ಕೆ ಮರಳಿದಳು.

ಮರಳಿದವಳ ಮುಂದೆ ಇದ್ದುದು ಮುತ್ತಿಗೆಯ ನಗರ. ಒಳಗೆ ಉಳಿದಿದ್ದ ಸೈನಿಕರು ಕೆಲವೇ ಸಾವಿರ. ಸಾಲದುದಕ್ಕೆ ಮಳೆಗೆ ಕೋಟೆಗೋಡೆಯ ಒಂದು ಭಾಗ ಕುಸಿದುಬಿದ್ದಿತ್ತು. ಹೊರಗಿನವರಿಗಿಂತ ಒಳಗಿನವರ ಜಗಳವೇ ದೊಡ್ಡದಾಗಿತ್ತು: ಹಬಶಿಗಳ ಕೈಕೆಳಗೆ ದುಡಿಯಲಾರೆವೆಂದು ಉಳಿದ ಅಮೀರರು ಹಟ ಹಿಡಿದಿದ್ದರು. ಇಲ್ಲಿ ಒಂದು ಅಪರೂಪದ ಸಂಗತಿ ನಡೆಯಿತು. ಹಬಶಿ ಸರದಾರರು ತಾವಾಗಿಯೇ ರಾಣಿಯ ಮುಂದೆ ಬಂದು ಅಧಿಕಾರವನ್ನು ಒಪ್ಪಿಸಿದರು. ಆಕೆ ಶಹಾ ಅಬುಲಹಸನನೆಂಬವನನ್ನು ಆಡಳಿತಕ್ಕೆ ನೇಮಿಸಿದಳು. ಮುನಿದು ಹೋಗಿದ್ದ ಸರದಾರರು ಒಬ್ಬೊಬ್ಬರಾಗಿ ಮರಳಿದರು. ತಿಂಗಳುಗಟ್ಟಲೆ ಕಾದು ಬೇಸತ್ತ ಅಣ್ಣನ ಸೈನ್ಯ ಬರಿಗೈಯಲ್ಲಿ ಹಿಂದಿರುಗಿತು. ವಿಜಾಪುರದ ಇತಿಹಾಸದಲ್ಲಿ ಅಧಿಕಾರವಿದ್ದವರು ನಾಡಿಗಾಗಿ ಅದನ್ನು ಕೈಯಾರೆ ಕೊಟ್ಟ ಗಳಿಗೆಗಳು ಬಹಳ ಇಲ್ಲ. ಆದುದರಿಂದ ಇದನ್ನು ನೆನಪಿನಲ್ಲಿಡುವುದು ಅವಶ್ಯ; ನೂರು ವರ್ಷಗಳ ಮೇಲೆ ಇಂಥ ಒಂದು ಗಳಿಗೆ ಮತ್ತೆ ಬೇಕಾಗಿತ್ತು, ಬರಲಿಲ್ಲ.

ಚಾಂದಬೀಬಿಯ ಉಳಿದ ಕಥೆ ಶಾಲೆಯ ಮಕ್ಕಳಿಗೂ ತಿಳಿದುದೇ. ಆಕೆ ಮುಂದೆ ತವರಿಗೆ ಹೋದಳು. 1595ರ ಕೊನೆಯಲ್ಲಿ ಅಕಬರನ ಮಗ ಮುರಾದನು ಅಹಮದನಗರವನ್ನು ಮುತ್ತಿದಾಗ ಕೋಟೆಯನ್ನು ಕಾದಳು. ಸುರಂಗದ ಮದ್ದು ಸಿಡಿದು ಗೋಡೆ ಬಾಯ್ಬಿಟ್ಟಾಗ ಖಡ್ಗ ಹಿಡಿದು ಅಲ್ಲಿಯೇ ನಿಂತು, ರಾತ್ರಿ ಬೆಳಗಾಗುವುದರೊಳಗೆ ಅದನ್ನು ಕಟ್ಟಿಸಿದಳು. ಆಗ ಆಕೆಯ ನೆರವಿಗೆ ದಂಡು ಕಳಿಸಿದವನು ವಿಜಾಪುರದ ಇಬ್ರಾಹಿಮ, ಅಂದರೆ ಆಕೆ ಸಾಕಿದ ಹುಡುಗ. ಆದರೆ 1600ರಲ್ಲಿ ಮೊಗಲರು ಎರಡನೆಯ ಬಾರಿ ಬಂದಾಗ, ಕಾದಿ ಉಳಿಯಲಾಗದೆಂದು ಕಂಡು ಸಂಧಿಯ ಮಾತೆತ್ತಿದುದಕ್ಕೆ, ರಾಣಿ ಶತ್ರುವಿನ ಕಡೆಯಾದಳೆಂದು ಕೂಗುತ್ತ ಆಕೆಯ ಜನರೇ ನುಗ್ಗಿ ಆಕೆಯನ್ನು ಕೊಂದರು. ಗಂಡನ ಮನೆಯಲ್ಲಿ ತವರಿನ ಗೂಢಚಾರಿಣಿ ಎನ್ನಿಸಿಕೊಂಡವಳು ತವರಿನಲ್ಲಿ ಪರರ ಗೂಢಚಾರಿಣಿ ಎನ್ನಿಸಿಕೊಂಡಳು. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು.

ಅಜ್ಜ ತುಂಬಿಸಿದ ಕೆರೆ, ಅಪ್ಪ ಬರಿದುಮಾಡಿದ ಕೆರೆ

ಇಬ್ರಾಹಿಮನ ನಂತರ ಮಹಮ್ಮದ ಆದಿಲಶಹ ಬಂದನು. ಗೋಲಗುಮ್ಮಟದಿಂದ ಈತನ ಹೆಸರು ಜಗತ್ತಿಗೆ ಗೊತ್ತು. ಒಕ್ಕಲುಮಕ್ಕಳಿಗೆ ಗೊತ್ತಿರುವುದು ಕೆರೆಗಳಿಂದ. ಈಗಿನ ಬಬಲೇಶ್ವರ ತಾಲೂಕಿನ ಮಮದಾಪುರದ ದೊಡ್ಡ ಕೆರೆ ಈತನದು. ಊರಿನ ಹೆಸರಿನಲ್ಲಿಯೂ ಈತನೇ ಇದ್ದಾನೆ. ನಗರದ ದಕ್ಷಿಣಕ್ಕೆ 1651ರಲ್ಲಿ ಆದ ಬೇಗಂ ತಲಾಬೂ ಈತನ ಕಾಲದ್ದೇ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತು. ನಮ್ಮ ಕಾಲದಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಮೇಲೆತ್ತಿ ಈ ಭಾಗದ ಕೆರೆಗಳನ್ನು ತುಂಬುತ್ತಿರುವುದನ್ನು ನೋಡಿದವರಿಗೆ ಹಿಂದಿನವರ ಆ ಸಾಹಸದ ಬೆಲೆ ತಿಳಿದೀತು.

ಮಹಮ್ಮದನ ಮಗ ಎರಡನೆಯ ಅಲಿ ಕವಿ. ದಖನಿ ಭಾಷೆಯಲ್ಲಿ ‘ಶಾಹಿ’ ಎಂಬ ಅಂಕಿತದಿಂದ ಬರೆದವನು. ಇಂಥ ಮೃದುಹೃದಯಕ್ಕೆ ಒದಗಿದುದು ಅತಿ ಕ್ರೂರವಾದ ಕರ್ತವ್ಯ. 1665ರ ಕೊನೆಯಲ್ಲಿ ಮೊಗಲರ ಸೇನಾನಿ ಜಯಸಿಂಹನು ನಗರಕ್ಕೆ ಹತ್ತು ಮೈಲಿ ದೂರದವರೆಗೂ ಬಂದನು. ಅಲಿ ತನ್ನ ರಾಜಧಾನಿಯ ಸುತ್ತಣ ಆರು ಮೈಲಿಯ ಪ್ರದೇಶವನ್ನು ತಾನೇ ಹಾಳುಗೆಡವಿದನು. ನವರಸಪುರ ಮತ್ತು ಶಹಾಪುರದ ಕೆರೆಗಳನ್ನು ಒಡೆದು ಬರಿದುಮಾಡಿದನು; ಬಾವಿಗಳಿಗೆ ಕಸಕಲ್ಲು ತುಂಬಿಸಿದನು; ಮರಗಳನ್ನು ಕಡಿಸಿದನು. ತಂದೆ, ತಾತಂದಿರು ಬೆವರು ಬಸಿದು ಮಾಡಿದ ನೀರನ್ನು ಒಂದು ವಾರದಲ್ಲಿ ಮಣ್ಣುಪಾಲು ಮಾಡಲು ಯಾವ ಅರಸನಿಗೆ ಮನಸ್ಸು ಬಂದೀತು? ಬಾಯಾರಿದ ಮೊಗಲ ಸೈನ್ಯ ಜನವರಿಯಲ್ಲಿ ಹಿಂದೆ ಸರಿಯಿತು. ನಗರ ಉಳಿಯಿತು. ಗಮನಿಸಬೇಕಾದ ಮಾತೆಂದರೆ, ಆ ಮೊಗಲ ಸೈನ್ಯದೊಡನೆ, ಪುರಂದರದ ಒಪ್ಪಂದಕ್ಕೆ ಕಟ್ಟುಬಿದ್ದು, ಶಿವಾಜಿ ಮಹಾರಾಜನೂ ವಿಜಾಪುರದ ಮೇಲೆ ಬಂದಿದ್ದನು. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಈ ಎರಡನೆಯ ಅಲಿಯ ಮಗಳೇ ಶಹರಬಾನು.

ಮೇಣೆ ಹೊರಟ ದಿನ

ಅಲಿ 1672ರ ನವೆಂಬರಿನಲ್ಲಿ ತೀರಿಕೊಂಡಾಗ ಗದ್ದುಗೆಗೆ ಬಂದ ಸಿಕಂದರನಿಗೆ ನಾಲ್ಕು ವರ್ಷ. ಮತ್ತೆ ಬಾಲಸುಲ್ತಾನ, ಮತ್ತೆ ಅಮೀರರ ಆಟ. ಆದರೆ ಈ ಸಲ ಹೊರಗೆ ಕಾದುಕೊಂಡಿದ್ದವನು ಔರಂಗಜೇಬ.

ಖವಾಸಖಾನನು ಮೊದಲು ದಿವಾನನಾದನು. ತನ್ನ ಸ್ಥಾನ ಭದ್ರವಾಗಲೆಂದು ಮೊಗಲರೊಡನೆ ಒಪ್ಪಂದ ಮಾಡಿಕೊಂಡು, ಸುಲ್ತಾನನ ಅಕ್ಕನನ್ನು ಬಾದಶಹನ ಮಗನಿಗೆ ಕೊಡುವುದಾಗಿ ಮಾತುಕೊಟ್ಟನು. ಪಠಾಣ ಸರದಾರ ಬಹಲೋಲಖಾನ ಅವನನ್ನು ಹಿಡಿದು 1676ರಲ್ಲಿ ಕೊಲ್ಲಿಸಿದನು. ಮರುವರ್ಷ ಬಹಲೋಲನೂ ಸತ್ತನು. ಅದವಾನಿಯ ಸಿದ್ದಿ ಮಸಾವುದನು ದಿವಾನನಾಗಬೇಕಾದರೆ ಮೊಗಲ ಸೇನಾನಿ ದಿಲೇರಖಾನನ ಒಪ್ಪಿಗೆ ಬೇಕಾಯಿತು, ಗುಲಬರ್ಗೆಯಲ್ಲಿ ಕರಾರಾಯಿತು. ಆ ಕರಾರಿನ ಕಲಮುಗಳಲ್ಲಿ ಶಹರಬಾನುವಿನ ಹೆಸರು ಎರಡನೆಯ ಸಲ ಬಂದಿತು. ದಿವಾನಗಿರಿಗಾಗಿ ಒಬ್ಬನಾದ ಮೇಲೊಬ್ಬನು ಆ ಹುಡುಗಿಯನ್ನು ಹೀಗೆ ಕಾಗದದ ಮೇಲೆ ಕೊಟ್ಟುಬಿಟ್ಟಿದ್ದರು. ಆಕೆಯನ್ನು ಒಂದು ಮಾತು ಕೇಳಿದವರಿರಲಿಲ್ಲ.

ಊರಿನ ಜನರಿಗೆ ಆಕೆ ಕಣ್ಣಮಣಿ. ಮಸಾವುದನು ಕೊಟ್ಟ ಮಾತನ್ನು ಮುಂದೂಡುತ್ತ ಹೋದನು. ಅವನ ಪ್ರತಿಸ್ಪರ್ಧಿಗಳು ದಿಲೇರಖಾನನ ಕಡೆಗೆ ಒಲಿದರು. 1679ರ ನಡುಬೇಸಗೆ ಕಳೆಯುವ ಹೊತ್ತಿಗೆ ರಾಜಕುಮಾರಿಯನ್ನು ಒಪ್ಪಿಸಿರೆಂದು ಮೊಗಲರ ಒತ್ತಾಯ ಬಿಗಿಯಾಯಿತು. ನಗರದೊಳಗೆ ಎರಡು ಪಕ್ಷಗಳು ಆಯುಧ ಹಿಡಿದು ಬೀದಿಯಲ್ಲಿಯೇ ಎದುರಾದುವು. ಕಳಿಸಬೇಕು, ಕಳಿಸಬಾರದು ಎಂಬ ವಾದದಲ್ಲಿ ವಿಜಾಪುರದವರು ವಿಜಾಪುರದವರನ್ನೇ ಕೊಲ್ಲಲು ಸಿದ್ಧರಾಗಿದ್ದರು.

ಆಗ ಆಕೆ ತಾನೇ ಮುಂದೆ ಬಂದಳು. ತಾನು ಹೋಗುವುದರಿಂದ ತಮ್ಮನೂ ಅವನ ರಾಜ್ಯವೂ ಉಳಿಯುವುದಾದರೆ ಹೋಗುವೆನೆಂದು ಹೇಳಿದಳು. 1679ರ ಜುಲೈ 1ರಂದು ಆಕೆಯ ಮೇಣೆ ಮೊಗಲರ ಪಾಳೆಯವನ್ನು ಸೇರಿತು. ಬಂಧುಗಳು ಅತ್ತರು, ಊರು ಅತ್ತಿತು. ಹನ್ನೊಂದು ವರ್ಷದ ತಮ್ಮ ಅರಕಿಲ್ಲೆಯಲ್ಲಿ ಉಳಿದನು. ಹೋಗುವ ಮನೆಯಾದರೂ ಎಂಥದು! ತನ್ನ ತಂದೆಯ ರಾಜ್ಯವನ್ನು ನುಂಗಬೇಕೆಂದು ಇಪ್ಪತ್ತು ವರ್ಷಗಳಿಂದ ಹೊಂಚುತ್ತಿದ್ದವನೇ ಮಾವ. ವರನು ಅವನ ಮಗ ಆಜಮ ಶಹಾ. ಚಾಂದಬೀಬಿ ಬಂದಾಗ ಕೊನೆಗೆ ಒಂದು ಕೋಟೆಯಾದರೂ ಬಳುವಳಿಯಾಗಿ ಬಂದಿತ್ತು. ಶಹರಬಾನು ಹೋದಾಗ ವಿಜಾಪುರಕ್ಕೆ ಪ್ರತಿಯಾಗಿ ಬಂದುದೇನು?

ಬಂದುದು ಹೊಸ ಬೇಡಿಕೆ. ಮಸಾವುದನು ದಿವಾನಗಿರಿಯನ್ನು ಬಿಟ್ಟು ತನ್ನ ಜಹಗೀರಿಗೆ ಹೋಗಬೇಕು, ರಾಜ್ಯಭಾರ ಮೊಗಲರು ಹೇಳಿದಂತೆ ನಡೆಯಬೇಕು ಎಂದು ದಿಲೇರಖಾನ ಹೇಳಿ ಕಳಿಸಿದನು. ಮಸಾವುದನು ಒಪ್ಪಲಿಲ್ಲ. ಒಪ್ಪದಿದ್ದುದು ನಾಡಿನ ಮಾನಕ್ಕಾಗಿಯೋ, ದಿವಾನಗಿರಿಯ ಮೋಹಕ್ಕಾಗಿಯೋ? ಎರಡೂ ಇದ್ದಿರಬೇಕು. ಅಧಿಕಾರದಲ್ಲಿರುವವರಿಗೆ ತಮ್ಮ ಕುರ್ಚಿಯೂ ನಾಡಿನ ಹಿತವೂ ಒಂದೇ ಆಗಿ ಕಾಣುವ ಕಣ್ಣುರೋಗ ಬಹಳ ಹಳೆಯದು. ಆದರೆ ಹದಿಹರೆಯದ ಹೆಣ್ಣುಮಗಳು ತನ್ನ ಇಡಿಯ ಬಾಳನ್ನು ಕೊಟ್ಟುಹೋದ ಮೇಲೆ, ದಿವಾನನಿಂದ ಒಂದು ಪದವಿಯನ್ನು ಕೊಡಲಾಗಲಿಲ್ಲ, ಅವನ ವೈರಿಗಳಿಂದ ಒಂದು ವೈರವನ್ನು ಬಿಡಲಾಗಲಿಲ್ಲ ಎಂಬುದು ಮಾತ್ರ ನಿಜ. ಆಗಸ್ಟ್ 18ರಂದು ದಿಲೇರಖಾನನ ಸೈನ್ಯ ಧೂಳಖೇಡದ ಬಳಿ ಭೀಮೆಯನ್ನು ದಾಟಿತು.

ಟಿಕೋಟೆಯ ಬಾವಿಗಳು

ದಿಕ್ಕುಗಾಣದ ಮಸಾವುದನು ಶಿವಾಜಿಗೆ ಮೊರೆಯಿಟ್ಟನು. ನಾವು ಒಂದೇ ನಾಡಿನ ಉಪ್ಪು ತಿಂದವರು, ನೆರೆಹೊರೆಯವರು, ರಾಜ್ಯದ ಒಳಿತುಕೆಡಕುಗಳಲ್ಲಿ ನಿಮಗೂ ಪಾಲಿದೆ ಎಂಬ ಅರ್ಥದ ಕೋರಿಕೆ ಅದು.

ಶಿವಾಜಿಗೆ ವಿಜಾಪುರ ಹುಟ್ಟು ಹಗೆ. ಅಫಜಲಖಾನನನ್ನು ಅವನ ಮೇಲೆ ಕಳಿಸಿದ ದರಬಾರು ಇದೇ. ಹದಿನಾಲ್ಕು ವರ್ಷಗಳ ಹಿಂದೆ ಅವನೇ ಇಲ್ಲಿಗೆ ಮೊಗಲರೊಡನೆ ಬಂದಿದ್ದನು. ಅದಕ್ಕಿಂತಲೂ ಹತ್ತಿರದ ನೋವು ಇನ್ನೊಂದಿತ್ತು: 1678ರ ಡಿಸೆಂಬರಿನಲ್ಲಿ ಹಿರಿಯ ಮಗ ಸಂಭಾಜಿ ತಂದೆಯೊಡನೆ ಮುನಿದು ದಿಲೇರಖಾನನನ್ನು ಸೇರಿದ್ದನು. 1679ರ ಏಪ್ರಿಲಿನಲ್ಲಿ, ಈಗಿನ ಸಾಂಗಲಿ ಜಿಲ್ಲೆಯ ಭೂಪಾಳಗಡವು ಮೊಗಲರ ವಶವಾದಾಗ ಆ ದಂಡಿನಲ್ಲಿ ಶಿವಾಜಿಯ ಸ್ವಂತ ಮಗನಿದ್ದನು. ಉಳಿದುಕೊಂಡ ಏಳು ನೂರು ಕಾವಲುಗಾರರ ಒಂದೊಂದು ಕೈಯನ್ನು ದಿಲೇರಖಾನ ಕಡಿಸಿದನು. ಈಗ ವಿಜಾಪುರಕ್ಕೆ ನೆರವಾಗುವುದೆಂದರೆ ಹಳೆಯ ಹಗೆಯನ್ನು ಕಾಯುವುದು, ಮಗನಿರುವ ಪಾಳೆಯದ ಮೇಲೆ ಕುದುರೆ ಬಿಡುವುದು. ಶಿವಾಜಿ ಎರಡನ್ನೂ ಮಾಡಿದನು. ಹತ್ತು ಸಾವಿರ ಕುದುರೆಯೂ ಎರಡು ಸಾವಿರ ಎತ್ತುಗಳ ಮೇಲೆ ಹೇರಿದ ದವಸವೂ ವಿಜಾಪುರದ ಕಡೆಗೆ ನಡೆದುವು. ಇದರಲ್ಲಿ ಲೆಕ್ಕಾಚಾರವಿರಲಿಲ್ಲವೆಂದಲ್ಲ. ವಿಜಾಪುರ ಬಿದ್ದರೆ ಮೊಗಲರು ತನ್ನ ಬಾಗಿಲಿಗೇ ಬರುವರೆಂದು ಅವನು ಬಲ್ಲ. ಆದರೂ ತಂದೆಯ ಎದೆಯ ಮೇಲೆ ಕಲ್ಲಿಟ್ಟುಕೊಳ್ಳದೆ ಆಗುವ ಲೆಕ್ಕವಲ್ಲ ಅದು. ಅಕ್ಟೋಬರ್ ಕೊನೆಯಲ್ಲಿ ಅವನೇ ದಂಡಿನೊಡನೆ ಈ ಕಡೆಗೆ ಬಂದು, ನವೆಂಬರಿನಲ್ಲಿ ದಿಲೇರಖಾನನ ಗಮನವನ್ನು ಸೆಳೆಯಲೆಂದು ಮೊಗಲರ ಸೀಮೆಗೆ ನುಗ್ಗಿದನು.

ದಿಲೇರಖಾನನು ನಗರವನ್ನು ಗೆಲ್ಲಲಾರದೆ ಹೋದನು. ಗೆಲ್ಲಲಾಗದ ಸಿಟ್ಟನ್ನು ಹಳ್ಳಿಗಳ ಮೇಲೆ ತೀರಿಸಿದನು. ನವೆಂಬರ್ 14ರಂದು ವಿಜಾಪುರದ ಪರಿಸರವನ್ನು ಬಿಟ್ಟು ಅವನ ಸೈನ್ಯ ಪಡುವಣಕ್ಕೆ ಹೊರಟಿತು.

ನಗರದಿಂದ ಪಡುವಣಕ್ಕೆ ಹೋಗುವ ದಾರಿ ತೊರವೆಯನ್ನು ಹಾದು ಟಿಕೋಟೆಗೆ ಸೇರುತ್ತದೆ. ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ಬರೆದ ತೊರವೆ ಅದೇ. ಅಲ್ಲಿಂದ ಮುಂದೆ ಸಿಗುವ ಟಿಕೋಟೆ ಈಗ ತಾಲೂಕಿನ ಊರು, ಸುತ್ತಲೂ ದ್ರಾಕ್ಷಿಯ ತೋಟಗಳು. ನಗರದಿಂದ ಸುಮಾರು ಹನ್ನೆರಡು ಮೈಲಿ. ಅಂದು ಅದು ಸಂಪನ್ನವಾದ ದೊಡ್ಡ ಊರು. ರಾಜಧಾನಿಗೆ ಮುತ್ತಿಗೆ ಬಿದ್ದೀತೆಂದು ಹೆದರಿ ಉಳ್ಳವರು ಹೆಂಡಿರುಮಕ್ಕಳೊಡನೆ ಒಡವೆವಸ್ತುಗಳೊಡನೆ ಇಲ್ಲಿ ಬಂದು ಸೇರಿದ್ದರು. ಕಲ್ಲಿನ ಕೋಟೆಯಿಂದ ದೂರವಿದ್ದರೆ ಯುದ್ಧದಿಂದಲೂ ದೂರವಿದ್ದೇವೆಂದು ಅವರು ನಂಬಿದ್ದರು.

ಮೊಗಲ ದಂಡು ಊರನ್ನು ಸುಲಿಯಿತು. ಹಿಂದೂಗಳೆನ್ನದೆ ಮುಸಲ್ಮಾನರೆನ್ನದೆ ಊರಿನ ಹೆಂಗಸರು ಮಕ್ಕಳನ್ನು ಅಪ್ಪಿಕೊಂಡು ಮನೆಮನೆಯ ಬಾವಿಗಳಿಗೆ ಹಾರಿಕೊಂಡರು. ಸುಮಾರು ಮೂರು ಸಾವಿರ ಜನ, ಎರಡೂ ಮತದವರು, ಗುಲಾಮರಾಗಿ ಮಾರಲು ಸೆರೆಯಾದರು.

ಶಹರಬಾನುವಿನ ಮೇಣೆ ಹೊರಟು ಆಗ ಐದು ತಿಂಗಳೂ ತುಂಬಿರಲಿಲ್ಲ.

ಸೈನ್ಯ ಹೊನವಾಡ, ತೆಲಸಂಗಗಳ ಮೇಲೆ ಹಾದು ಅಥಣಿಗೆ ಬಂದಿತು. ದೊಡ್ಡ ಪೇಟೆಯ ಊರಾದ ಅಥಣಿಯನ್ನೂ ಸುಟ್ಟು ಸುಲಿದು, ಅಲ್ಲಿಯ ಜನರನ್ನೂ ಮಾರುವ ಯೋಚನೆ ನಡೆಯಿತು. ಸಂಭಾಜಿ ಅಡ್ಡ ಬಂದನು. ಅವನ ಮಾತನ್ನು ದಿಲೇರಖಾನ ಲಕ್ಷಿಸಲಿಲ್ಲ. ತಂದೆಯ ಮೇಲಿನ ಸಿಟ್ಟು ತನ್ನನ್ನು ಎಂಥವರ ಜೊತೆಗೆ ತಂದು ನಿಲ್ಲಿಸಿದೆ ಎಂಬುದು ಇಪ್ಪತ್ತೆರಡು ವರ್ಷದ ಆ ಯುವಕನಿಗೆ ಹೊಳೆದುದು ಇಲ್ಲಿಯೇ ಇರಬೇಕು. ನವೆಂಬರ್ 20ರ ರಾತ್ರಿ ಅವನು ಬೆರಳೆಣಿಕೆಯ ಜನರೊಡನೆ ಪಾಳೆಯದಿಂದ ತಪ್ಪಿಸಿಕೊಂಡನು. ಮಡದಿ ಯೇಸೂಬಾಯಿ ಗಂಡುವೇಷದಲ್ಲಿ ಕುದುರೆಯೇರಿ ಜೊತೆಗೆ ಬಂದಳು.

ಅವರು ಓಡಿದುದು ಎಲ್ಲಿಗೆ? ಅದೇ ವಿಜಾಪುರಕ್ಕೆ! ಮಸಾವುದನು ಆಶ್ರಯವಿತ್ತನು. ಆದರೆ ಹಿಡಿದುಕೊಟ್ಟರೆ ಹಣ ಕೊಡುವೆನೆಂಬ ದಿಲೇರಖಾನನ ದೂತ ಬೆನ್ನಹಿಂದೆಯೇ ಬಂದನು. ಅದರ ಸುಳಿವು ಹತ್ತಿ, ತಿಂಗಳ ಕೊನೆಯ ರಾತ್ರಿ ಸಂಭಾಜಿ ನಗರವನ್ನು ಬಿಟ್ಟು ದಾರಿಯಲ್ಲಿ ತಂದೆಯ ಸೈನಿಕರನ್ನು ಕೂಡಿಕೊಂಡು ಡಿಸೆಂಬರ್ ಮೊದಲ ವಾರ ಪನ್ಹಾಳಗಡವನ್ನು ಮುಟ್ಟಿದನು. ತಂದೆ ಅಲ್ಲಿಗೆ ಬಂದು ಮಗನನ್ನು ಕಂಡನು; ಕ್ಷಮಿಸಿದನು, ಬುದ್ಧಿ ಹೇಳಿದನು; ಆದರೆ ಕಾವಲನ್ನೂ ಇಟ್ಟನು. ಕ್ಷಮೆ ತಂದೆಯದು, ಕಾವಲು ಅರಸನದು. ನಾಲ್ಕು ತಿಂಗಳಲ್ಲಿ, 1680ರ ಏಪ್ರಿಲ್ 3ರಂದು, ಶಿವಾಜಿ ರಾಯಗಡದಲ್ಲಿ ತೀರಿಕೊಂಡಾಗ ಮಗ ಇನ್ನೂ ಪನ್ಹಾಳದಲ್ಲಿಯೇ ಇದ್ದನು.

ಅಳಿಯ ಬಂದನು

ಶಹರಬಾನುವಿನ ಮದುವೆ ಆಜಮನೊಡನೆ 1681ರಲ್ಲಿ ನಡೆಯಿತು. ಅದೇ ವರ್ಷ ಬಾದಶಹನ ಇಚ್ಛೆಯಂತೆ ಆಕೆ ತವರಿನ ಸರದಾರನಾದ ಶರ್ಜಾಖಾನನಿಗೆ ಪತ್ರ ಬರೆದು, ಸಂಭಾಜಿಯ ವಿರುದ್ಧ ಮೊಗಲರಿಗೆ ನೆರವಾಗೆಂದು ಕೇಳಬೇಕಾಯಿತು. ಟಿಕೋಟೆಯನ್ನು ಕಂಡಿದ್ದ ವಿಜಾಪುರ ಆ ಪತ್ರಕ್ಕೆ ಓಗೊಡಲಿಲ್ಲ. ಬರೆಯುವಾಗ ಆಕೆಯ ಕೈ ಯಾರ ಪರವಾಗಿತ್ತು ಎಂದು ಕೇಳುವುದು ಅನ್ಯಾಯ. ಆ ಕೈಯನ್ನು ಕೊಟ್ಟವರು ಇಲ್ಲಿಯವರೇ.

ಮಸಾವುದನು ಕೊನೆಗೆ 1683ರಲ್ಲಿ ದಿವಾನಗಿರಿಯನ್ನು ಬಿಟ್ಟು ಅದವಾನಿಗೆ ಹೋಗಿ ಕುಳಿತನು. ನಾಲ್ಕು ವರ್ಷ ಮೊದಲು ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಸ್ಥಳವಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಔರಂಗಜೇಬನ ಹಸಿವು ಒಬ್ಬ ದಿವಾನನಿಂದ ಹಿಂಗುವಂಥದಾಗಿರಲಿಲ್ಲ. ಆದರೆ ಅದು ಟಿಕೋಟೆಯವರಿಗೆ ಹೇಳಬಹುದಾದ ಸಮಾಧಾನವಲ್ಲ.

1685ರ ಏಪ್ರಿಲಿನಲ್ಲಿ ವಿಜಾಪುರಕ್ಕೆ ಕೊನೆಯ ಮುತ್ತಿಗೆ ಬಿದ್ದಿತು. ಜೂನಿನಲ್ಲಿ ಅದರ ನಾಯಕತ್ವ ವಹಿಸಿ ಬಂದವನು ಆಜಮ ಶಹಾ, ವಿಜಾಪುರದ ಮನೆಯ ಅಳಿಯ. ಅವನು ಡೇರೆ ಹೊಡೆದುದು ಬೇಗಂ ತಲಾಬಿನ ಬಳಿ, ಹೆಂಡತಿಯ ಅಜ್ಜ ಕಟ್ಟಿಸಿದ ನೀರಿನ ದಂಡೆಯ ಮೇಲೆ. ಪಾಳೆಯದಲ್ಲಿ ಅನ್ನಕ್ಕೆ ಬರ ಬಿದ್ದಿತು. ಬೇಕಾದರೆ ಹಿಂದೆ ಬಾ ಎಂದು ತಂದೆಯೇ ಬರೆದರೂ ಆಜಮನು ಕದಲಲಿಲ್ಲ. ಬದುಕಿರುವವರೆಗೆ ಈ ಸ್ಥಳ ಬಿಡೆನೆಂದನು. ಕರ್ತವ್ಯವೆಂಬುದು ಅವನ ಬಾಯಲ್ಲಿಯೂ ಇತ್ತು. ಹದಿನೇಳು ತಿಂಗಳ ಮೇಲೆ, ಔರಂಗಜೇಬನೇ ಬಂದು ನಿಂತ ಮೇಲೆ, 1686ರ ಸೆಪ್ಟೆಂಬರ್ 12ರಂದು ಹದಿನೆಂಟು ವರ್ಷದ ಸಿಕಂದರನು ಕೋಟೆಯಿಂದ ಹೊರಬಂದು ಶರಣಾದನು. ಅಕ್ಕ ಯಾರಿಗಾಗಿ ಹೋಗಿದ್ದಳೋ ಆ ತಮ್ಮನೂ ಅದೇ ಪಾಳೆಯವನ್ನು ಸೇರಿದನು. ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ಮಾಸಾಶನ ಗೊತ್ತಾಯಿತು.

ಹದಿನಾಲ್ಕು ವರ್ಷ ಸೆರೆಯಲ್ಲಿ ಕಳೆದು, 1700ರಲ್ಲಿ, ಸಾತಾರೆಯನ್ನು ಮುತ್ತಿದ್ದ ಬಾದಶಹನ ಶಿಬಿರದಲ್ಲಿ ಸಿಕಂದರನು ತೀರಿಕೊಂಡನು. ಚಾಂದಬೀಬಿಯನ್ನು ಸೆರೆಯಿಟ್ಟಿದ್ದುದು ಅದೇ ಸಾತಾರೆಯ ಕೋಟೆಯಲ್ಲಿ. ತನ್ನನ್ನು ವಿಜಾಪುರದಲ್ಲಿ, ಗುರುವಿನ ಪಾದದ ಬಳಿ ಮಣ್ಣುಮಾಡಬೇಕೆಂದು ಆತ ಕೊನೆಯ ಮಾತಾಗಿ ಕೇಳಿಕೊಂಡಿದ್ದನು. ಅದನ್ನು ನಡೆಸಿಕೊಟ್ಟರು. ಇಬ್ರಾಹಿಮ ರೋಜಾ, ಗೋಲಗುಮ್ಮಟಗಳನ್ನು ಕಟ್ಟಿದ ವಂಶದ ಕೊನೆಯವನ ಸಮಾಧಿ ಮಾಡಿಲ್ಲದ ಒಂದು ಆವರಣದಲ್ಲಿದೆ. ಶವ ಊರಿಗೆ ಬಂದ ದಿನ ಸಾವಿರಾರು ಹೆಂಗಸರು ಬಳೆ ಒಡೆದುಕೊಂಡು, ತಾವೇ ವಿಧವೆಯರಾದಂತೆ ಅತ್ತರೆಂದು ಇತಿಹಾಸಕಾರರು ಬರೆದಿದ್ದಾರೆ. ಇಪ್ಪತ್ತೊಂದು ವರ್ಷಗಳ ಹಿಂದೆ ಪಾದಶಹಾ ಬೀಬಿಯ ಮೇಣೆ ಹೋದುದನ್ನು ಬಾಗಿಲಲ್ಲಿ ನಿಂತು ನೋಡಿದ್ದ ಹುಡುಗಿಯರು ಆ ಹೊತ್ತಿಗೆ ಮಕ್ಕಳ ತಾಯಂದಿರಾಗಿದ್ದಿರಬೇಕು.